ಅರವತ್ತಾರು ಕೋಲು

ಈಶ್ವರಿಯ ಸಂಸಾರದ ಕಥೆಯನ್ನು ಕಿವಿಯಿಂದಲೇ ಶುರು ಮಾಡಬೇಕು. ಮದುವೆಯಾಗಿ ಬಂದ ಮೂರನೆಯ ದಿನ ಗಂಡ ಐತಪ್ಪ ಅವಳನ್ನು ಒಂದು ಸುರಂಗದ ಬಾಯಲ್ಲಿ ಕೂರಿಸಿ, ಕೈಗೆ ಬುಟ್ಟಿ ಕೊಟ್ಟು, ತಾನು ಪಿಕ್ಕಾಸು ಹಿಡಿದು ಒಳಗೆ ಹೋದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದರಲ್ಲಿ ಪುತ್ತೂರಿನಿಂದ ಬೆಳ್ಳಾರೆಯವರೆಗೆ ಅವನದು ದೊಡ್ಡ ಹೆಸರು. ಕೊರೆದ ಮಣ್ಣು ಹೊತ್ತು ಹೊರಗೆ ಹಾಕುವುದು ಅವಳ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಎಂದರೆ ಕೇಳುತ್ತಾ ಕೂರುವುದು. ಒಳಗಿನವನು ಆಗಾಗ ಕಲ್ಲಿಗೆ ಎರಡು ಪೆಟ್ಟು, ಸ್ವಲ್ಪ ಬಿಟ್ಟು ಇನ್ನೊಂದು ಪೆಟ್ಟು ಹಾಕುತ್ತಾನೆ. ಜೀವದಿಂದಿದ್ದೇನೆ ಎಂದು ಅದರ ಅರ್ಥ. ಹೊರಗಿನವಳು ಒಂದೇ ಒಂದು ಪೆಟ್ಟು ಹಾಕಿ, ಇಲ್ಲೇ ಇದ್ದೇನೆ ಎಂದು ತಿಳಿಸಬೇಕು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಆ ಇಬ್ಬರು ಬಾಯಿ ಬಿಟ್ಟು ಆಡಿದ್ದಕ್ಕಿಂತ ಹೀಗೆ ಕಲ್ಲಿನಲ್ಲಿ ಆಡಿದ ಮಾತೇ ಹೆಚ್ಚು. ಅವನ ಕೋಪ, ಹಸಿವು, ದಣಿವು ಎಲ್ಲವೂ ಪೆಟ್ಟಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು.

ಅವರು ಕೊರೆದದ್ದರಲ್ಲಿ ಕೊನೆಯದು ಬೊಳ್ಳಾಜೆ ಪದವಿನ ಸುರಂಗ. ಪದವು ಎಂದರೆ ಗುಡ್ಡದ ನೆತ್ತಿಯ ಮೇಲಿನ, ತೂತು ತೂತಾದ ಕೆಂಪು ಮುರಕಲ್ಲಿನ ಬಯಲು. ಮುಳಿಹುಲ್ಲು ಬಿಟ್ಟರೆ ಅಲ್ಲಿ ಏನೂ ಬೆಳೆಯುವುದಿಲ್ಲ. ಹೀಗಾಗಿ ಅದು ಯಾವ ಕೆಲಸಕ್ಕೂ ಬಾರದ ಜಾಗ ಎಂದು ತಿಳಿದವರು ತಿಳಿಯದವರೆಲ್ಲ ಹೇಳುತ್ತಾರೆ. ಆದರೆ ನಾಲ್ಕು ತಿಂಗಳ ಮಳೆಯನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಂಡು ಉಳಿದ ಎಂಟು ತಿಂಗಳು ಕೆಳಗಿನವರಿಗೆ ಕುಡಿಸುವುದು ಅದೇ ಜಾಗ. ಕೆಳಗೆ ಪದ್ಮಯ್ಯ ಗೌಡರ ತೋಟ, ಅದರ ಕೆಳಗೆ ಈಶ್ವರಿಯದೂ ಸೇರಿ ಏಳು ಮನೆ. ಮೇಲಿನ ಪದವು ಕೇರಳದಿಂದ ಬಂದು ರಬ್ಬರು ಮಾಡಿದ ಲೂಕೋಸರದ್ದು.

ಇಪ್ಪತ್ತೆಂಟು ವರ್ಷದ ಹಿಂದೆ ಪದ್ಮಯ್ಯ ಗೌಡರು ಸುರಂಗಕ್ಕೆ ಕೈಹಾಕಿದಾಗ ಲೂಕೋಸ್ ತಕರಾರು ತೆಗೆದರು. ನಾಲ್ಕು ಜನ ಕೂತು, ಸುರಂಗ ಮೂವತ್ತು ಕೋಲು ದಾಟಬಾರದು, ಅಲ್ಲಿಗೆ ಗೌಡರ ಜಾಗದ ಗಡಿ ಮುಗಿಯುತ್ತದೆ ಎಂದು ಕಾಗದ ಮಾಡಿದರು. ಒಂದು ಕೋಲು ಎಂದರೆ ಎರಡೂವರೆ ಅಡಿ. ಮೂವತ್ತು ಕೋಲಿಗೆ ಒಂದು ತೊಟ್ಟು ನೀರೂ ಸಿಗಲಿಲ್ಲ. ಮುಂದೆ ಹೋಗು ಎಂದು ಗೌಡರು ಗುಟ್ಟಾಗಿ ಹೇಳಿದರು, ಐತಪ್ಪ ಹೋದ. ಬಾಯಲ್ಲಿ ಬಿದ್ದ ಮಣ್ಣಿನ ರಾಶಿ ನೋಡಿದರೆ ಸುರಂಗದ ಉದ್ದವನ್ನು ಯಾರೂ ಹೇಳಬಲ್ಲರು. ಹಾಗಾಗಿ ಅಲ್ಲಿಂದ ಮುಂದಿನ ಮಣ್ಣನ್ನೆಲ್ಲ ಈಶ್ವರಿ ಬುಟ್ಟಿ ಬುಟ್ಟಿಯಾಗಿ ಹೊತ್ತು ಅಡಿಕೆ ಮರಗಳ ಬುಡಕ್ಕೆ ತೆಳ್ಳಗೆ ಹರಡಿ ಮೇಲೆ ಸೊಪ್ಪು ಮುಚ್ಚಿದಳು. ಅರವತ್ತಾರನೆಯ ಕೋಲಿಗೆ ನೀರು ಬಂತು. ಲೂಕೋಸರಿಗೆ ಸಂಶಯ ಬಂದು, ಐತಪ್ಪನನ್ನು ದೈವದ ಗುಡಿಯ ಎದುರು ನಿಲ್ಲಿಸಿದರು. ಮೂವತ್ತು ದಾಟಿಲ್ಲ ಎಂದು ಅವನು ಪ್ರಮಾಣ ಮಾಡಿದ. ಆ ದಿನ ಮನೆಗೆ ಬಂದು ಉಣ್ಣಲಿಲ್ಲ. ಆಮೇಲೆ ಯಾವ ಗುಡ್ಡಕ್ಕೂ ಪಿಕ್ಕಾಸು ಹಾಕಲಿಲ್ಲ.

ಆರು ವರ್ಷದ ಮೇಲೆ ಎದೆಯಲ್ಲಿ ಧೂಳು ಕಟ್ಟಿ ಪುತ್ತೂರಿನ ಆಸ್ಪತ್ರೆಯಲ್ಲಿ ಅವನು ಸತ್ತ. ಈಶ್ವರಿ ಗಂಜಿ ತರಲು ಕೆಳಗೆ ಹೋಗಿದ್ದಾಗ ಜೀವ ಹೋಗಿತ್ತು. ಪಕ್ಕದ ಮಂಚದವನು ಅವಳಿಗೆ ಒಂದು ಮಾತು ಹೇಳಿದ. ನಿಮ್ಮ ಯಜಮಾನ್ರು ಕೊನೆಗೆ ಮಂಚದ ಕಬ್ಬಿಣಕ್ಕೆ ಬೆರಳಿನಲ್ಲಿ ಬಡಿಯುತ್ತಾ ಇದ್ದರು, ಎರಡು ಸಲ, ಮತ್ತೆ ಒಂದು ಸಲ, ಏನು ಬೇಕೆಂದು ನನಗೆ ಅರ್ಥವಾಗಲಿಲ್ಲ ಎಂದ. ಗಂಡ ಸತ್ತ ದುಃಖ ಕಾಲ ಕಳೆದಂತೆ ಮಾಗಿತು. ತಾನು ಒಂದು ಪೆಟ್ಟು ಹಾಕಲಿಲ್ಲವಲ್ಲ ಎಂಬ ದುಃಖ ಮಾತ್ರ ಹಾಗೇ ಉಳಿಯಿತು.

ಆಮೇಲೆ ಪ್ರತಿ ಬೇಸಿಗೆಯಲ್ಲಿ ಸುರಂಗದ ಕೆಸರು ತೆಗೆಯಲು ಅವಳೇ ಒಳಗೆ ಹೋಗುತ್ತಿದ್ದಳು. ಹತ್ತು ಕೋಲಿಗೊಂದರಂತೆ ಐತಪ್ಪ ಗೋಡೆಯಲ್ಲಿ ದೀಪದ ಗೂಡು ಕಡೆದಿದ್ದ. ಮೂರನೆಯ ಗೂಡು ಬಂದರೆ ಅವಳು ಹಿಂದಿರುಗುತ್ತಿದ್ದಳು. ಅದರ ಆಚೆಗಿನದು ಸುಳ್ಳಿನ ಜಾಗ, ಅಲ್ಲಿ ಅವಳಿಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ ಪುತ್ತೂರು ಪೇಟೆ ಗುಡ್ಡ ಹತ್ತಿ ಬಂತು. ಪದವಿಗೆ ಹೋಗುವ ದಾರಿಯಲ್ಲಿ ‘ಪೇಟೆಗೆ ಹದಿನೈದೇ ನಿಮಿಷ’ ಎಂಬ ಬೋರ್ಡು ಎದ್ದಿತು. ಲೂಕೋಸರ ಮಗ ಡೆನ್ನಿಸ್, ಮಂಗಳೂರಿನ ಒಂದು ಪಾರ್ಟಿಯ ಜೊತೆ ಸೇರಿ ಅರವತ್ತನಾಲ್ಕು ಸೈಟು ಮಾಡಲು ಹೊರಟಿದ್ದ. ಸೈಟಿಗೊಂದು ಬೋರ್‌ವೆಲ್ಲು, ನಡುವೆ ಡಾಂಬರು ರಸ್ತೆ. ಜೆಸಿಬಿ ಮುಂದಿನ ಸೋಮವಾರ ಬರುವುದಿತ್ತು. ಕೆಳಗಿನ ಏಳು ಮನೆಯವರು ಅರ್ಜಿ ಕೊಟ್ಟರು. ಸೈಟಿನ ಕೆಳಗೆ ಟೊಳ್ಳು ಉಂಟೇ ಎಂದು ನೋಡಲು ಹೆಲ್ಮೆಟ್ಟು ಹಾಕಿದ ಒಬ್ಬ ಎಂಜಿನಿಯರ್ ಬಂದ. ಮೊದಲ ಗೂಡಿನ ಹತ್ತಿರ ಬಾವಲಿಗಳು ಮುಖಕ್ಕೆ ಬಡಿದದ್ದೇ ತಡ, ಹೋದದ್ದಕ್ಕಿಂತ ಬೇಗ ಹೊರಗೆ ಬಂದ. ಆಮೇಲೆ ಹಳೆಯ ಕಾಗದ ನೋಡಿ, ಸುರಂಗ ಮೂವತ್ತು ಕೋಲು ಮಾತ್ರ, ಸೈಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದ. ಐತಪ್ಪನ ಸುಳ್ಳು ಪ್ರಮಾಣ ಈಗ ಸರಕಾರದ ಫೈಲಿನಲ್ಲಿ ಕೂತುಬಿಟ್ಟಿತು.

ಈಶ್ವರಿ ಪದ್ಮಯ್ಯ ಗೌಡರಲ್ಲಿಗೆ ಹೋದಳು. ಗೌಡರಿಗೆ ಎಂಬತ್ತು ದಾಟಿತ್ತು. ಸುರಂಗದ ಮೇಲೆ ಜೆಸಿಬಿ ಓಡಿದರೆ ಮಾಡು ಕುಸಿಯುತ್ತದೆ, ನೀರು ನಿಲ್ಲುತ್ತದೆ, ಇದ್ದದ್ದನ್ನು ಹೇಳಿಬಿಡುವ ಎಂದಳು. ಗೌಡರು ವೀಳ್ಯ ಉಗಿದು ಬಂದು ಮೆಲ್ಲಗೆ ಹೇಳಿದರು:

“ದೈವದ ಎದುರು ಆಡಿದ ಮಾತು ಅದು ಈಶ್ವರಿ. ಈಗ ಸುಳ್ಳು ಅಂತ ಹೇಳಿದ್ರೆ ಆಚೆ ಲೋಕದಲ್ಲಿ ಅವನಿಗೆ ಎಂತ ಆದೀತು, ಯೋಚನೆ ಮಾಡಿದ್ದೀಯಾ?”

ಅವಳು ಎರಡು ದಿನ ಅದನ್ನೇ ಯೋಚಿಸಿದಳು. ಮೂರನೆಯ ದಿನ ಡೆನ್ನಿಸನ ಮನೆಯ ಜಗಲಿ ಹತ್ತಿದಳು. ಡೆನ್ನಿಸ್ ಕೆಟ್ಟವನಲ್ಲ, ರಬ್ಬರಿನ ದರ ಬಿದ್ದ ಮೇಲೆ ಬೇರೆ ದಾರಿ ಕಾಣದವನು. ಎಲ್ಲವನ್ನೂ ಕೇಳಿ ಅವನು, ಅಪ್ಪ ಸಾಯುವವರೆಗೆ ಆ ಪ್ರಮಾಣವನ್ನು ನಂಬಿದ್ದರು ಎಂದ. ಆಮೇಲೆ, ಟೊಳ್ಳಿನ ಮೇಲೆ ಮನೆ ಕಟ್ಟಿಸಿ ಯಾರ ಮಕ್ಕಳನ್ನೂ ಕೊಲ್ಲುವ ಮನಸ್ಸು ತನಗಿಲ್ಲ, ಆದರೆ ಸಾಕ್ಷಿ ಬೇಕು ಎಂದ. ಸುರಂಗ ನಡುವೆ ಎರಡು ಕಡೆ ತಿರುಗುತ್ತದೆ, ಹೊರಗಿನಿಂದ ಅಳೆದರೆ ಎಲ್ಲಿಗೆ ಹೋಗಿದೆಯೆಂದು ತಿಳಿಯುವುದಿಲ್ಲ. ತಾನು ಕೊನೆಯವರೆಗೆ ಹೋಗಿ ಸುತ್ತಿಗೆಯಲ್ಲಿ ಹತ್ತು ಪೆಟ್ಟು ಹಾಕುತ್ತೇನೆ, ನೀವು ಮೇಲೆ ಪದವಿಗೆ ಕಿವಿ ಕೊಟ್ಟು ಕೇಳಿ ಎಂದು ಈಶ್ವರಿಯೇ ಉಪಾಯ ಹೇಳಿದಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಸುಡುತ್ತಿದ್ದಾಗ, ಡೆನ್ನಿಸ್ ಮತ್ತು ಎಂಜಿನಿಯರ್ ಪದವಿನ ಮೇಲೆ ಹೋದರು. ಈಶ್ವರಿ ಮೇಣದ ಬತ್ತಿ ಹಚ್ಚಿ ಒಳಗೆ ಹೋದಳು.

ಮೂರನೆಯ ಗೂಡಿನವರೆಗೆ ಪರಿಚಯದ ದಾರಿ. ಆಮೇಲೆ ಸೊಂಟ ಬಗ್ಗಿಸಬೇಕಾಯಿತು. ಕಾಲಡಿಯಲ್ಲಿ ನೀರು ತಣ್ಣಗೆ ಹರಿಯುತ್ತಿತ್ತು. ನಾಲ್ಕು, ಐದು, ಆರು ಎಂದು ಗೂಡುಗಳನ್ನು ಕೈಯಿಂದ ಮುಟ್ಟಿ ಎಣಿಸಿದಳು. ಆರನೆಯದರಿಂದ ಆರು ಕೋಲಿಗೆ ಸುರಂಗ ಮುಗಿಯಬೇಕು. ಮುಗಿಯಲಿಲ್ಲ. ಮುಂದೆ ಚಾಚಿದ ಕೈಗೆ ಗೋಡೆ ಸಿಗಲಿಲ್ಲ, ಬರೀ ತಣ್ಣನೆಯ ಗಾಳಿ ಸಿಕ್ಕಿತು. ಎಣಿಕೆ ತಪ್ಪಿತೇನೋ ಎಂದುಕೊಂಡು ನಾಲ್ಕು ಹೆಜ್ಜೆ ಇಟ್ಟಾಗ ಎಡಗೋಡೆಯಲ್ಲಿ ಏಳನೆಯ ಗೂಡು ಇತ್ತು.

ಐತಪ್ಪ ಆರೇ ಗೂಡು ಕಡೆದದ್ದು. ಪ್ರತಿಯೊಂದಕ್ಕೂ ದೀಪ ಹಿಡಿದು ನಿಂತವಳು ಅವಳು. ಬತ್ತಿಯನ್ನು ಹತ್ತಿರ ಹಿಡಿದು ನೋಡಿದಳು. ಹಳೆಯ ಗೂಡುಗಳ ಮೇಲೆ ಪಾಚಿ ಕಟ್ಟಿತ್ತು, ಇದರ ಮೇಲೆ ಇರಲಿಲ್ಲ. ಪಿಕ್ಕಾಸಿನ ಗೀರುಗಳು ನಿನ್ನೆ ಎಳೆದಷ್ಟು ಚೂಪಾಗಿದ್ದವು, ಎಲ್ಲವೂ ಎಡದಿಂದ ಬಲಕ್ಕೆ ಇಳಿದಿದ್ದವು. ಐತಪ್ಪ ಎಡಚ.

ಅವಳಿಗೆ ಹೆದರಿಕೆ ಆಯಿತು. ಇಲ್ಲ ಎಂದು ಹೇಳಿದರೆ ಸುಳ್ಳಾದೀತು, ಆ ಸುರಂಗದಲ್ಲಿ ಆಗಲೇ ಬೇಕಾದಷ್ಟು ಸುಳ್ಳು ಇತ್ತು. ಮೂರು ಕೋಲು ಮುಂದೆ ಕೊನೆಗೂ ಗೋಡೆ ಸಿಕ್ಕಿತು. ಮಾತಾಡಿಕೊಂಡ ಪ್ರಕಾರ ಎಣಿಸಿ ಹತ್ತು ಪೆಟ್ಟು ಹಾಕಿದಳು. ಹಿಂದೆ ತಿರುಗಿ ನೋಡದೆ ಹೊರಗೆ ಬಂದಳು, ಮುಖ ತೊಳೆದಳು, ಒಳದಾರಿಯಲ್ಲಿ ಗುಡ್ಡ ಹತ್ತಿದಳು. ಅದಕ್ಕೆ ಅರ್ಧ ಗಂಟೆಯಾದರೂ ಹಿಡಿದಿರಬೇಕು.

ಪದವಿನ ಮೇಲೆ ಎಂಜಿನಿಯರ್ ಕೆಂಪು ಬಣ್ಣದಲ್ಲಿ ಒಂದು ದೊಡ್ಡ ಗುರುತು ಹಾಕಿದ್ದ. ಅದು ಗಡಿಯಿಂದ ಬಹಳ ಆಚೆ, ಸೈಟುಗಳ ನಟ್ಟನಡುವೆ ಇತ್ತು. ಡೆನ್ನಿಸ್ ಅದರ ಪಕ್ಕದಲ್ಲಿ ಕಲ್ಲಿಗೆ ಕಿವಿಯಿಟ್ಟು ಬೋರಲು ಮಲಗಿದ್ದ.

“ಸಾಕು ಅಂತ ಕೆಳಗೆ ಹೋಗಿ ಹೇಳಿ ಮಾರಾಯ್ರೆ,” ಅಂದ. “ಈಶ್ವರಿಯಕ್ಕ ಇನ್ನೂ ಬಡಿಯುತ್ತಾ ಇದ್ದಾರೆ.”

ಎಂಜಿನಿಯರ್ ನೋಡುತ್ತಿದ್ದ ಕಡೆಗೆ ಡೆನ್ನಿಸ್ ತಲೆಯೆತ್ತಿದ. ಒದ್ದೆ ಸೀರೆಯಲ್ಲಿ ಈಶ್ವರಿ ಎದುರಿಗೆ ನಿಂತಿದ್ದಳು. ಅವನು ಕೈಯೂರಿ ಹಿಂದೆ ಸರಿದ.

ಅವಳು ಕುಕ್ಕರುಗಾಲಲ್ಲಿ ಕೂತು, ಬಿಸಿ ಮುರಕಲ್ಲಿಗೆ ಕಿವಿಯಿಟ್ಟಳು. ಆಳದಲ್ಲಿ, ಬಹಳ ಆಳದಲ್ಲಿ, ಎರಡು ಪೆಟ್ಟು. ಸ್ವಲ್ಪ ಬಿಟ್ಟು ಒಂದು. ಮತ್ತೆ ಎರಡು. ಮತ್ತೆ ಒಂದು. ದಣಿದ ಪೆಟ್ಟು ಅದು, ಬಹಳ ಹೊತ್ತಿನಿಂದ ಉತ್ತರಕ್ಕೆ ಕಾದವನದು. ಕೈಗೆ ಸಿಕ್ಕಿದ ಕಲ್ಲನ್ನೆತ್ತಿ ಅವಳು ಪದವಿಗೆ ಒಂದು ಪೆಟ್ಟು ಹಾಕಿದಳು.

ಕೆಳಗಿನ ಸದ್ದು ನಿಂತಿತು. ಇಪ್ಪತ್ತೆರಡು ವರ್ಷದ ಮೇಲೆ ಈಶ್ವರಿ ಅಳುತ್ತಿದ್ದಳು. ಅವಳು ಕಿವಿ ತೆಗೆಯುವ ಮೊದಲೇ ಸದ್ದು ಮತ್ತೆ ಶುರುವಾಯಿತು. ಈ ಸಲ ಅದು ಕರೆಯುವ ಪೆಟ್ಟಲ್ಲ, ಅಗೆಯುವ ಪೆಟ್ಟು.

“ಒಳಗೆ ಯಾರಿರುವುದು?” ಡೆನ್ನಿಸ್ ಕೇಳಿದ.

“ನಿಮ್ಮ ಅಪ್ಪನ ಎದುರು ಸುಳ್ಳು ಹೇಳಿದವರು, ಅಣ್ಣ,” ಅಂದಳು. “ಅವರ ಕೆಲಸ ಮುಗಿಯಲಿಲ್ಲ.”

ಜೆಸಿಬಿ ಸೋಮವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಸೈಟುಗಳ ಕೆಳಗೆ ಟೊಳ್ಳು ಉಂಟು, ಕಟ್ಟಡ ಕೂಡದು ಎಂದು ಫೈಲಿನಲ್ಲಿ ಹೊಸದಾಗಿ ಬರೆಯಲಾಯಿತು. ಉಳಿದ ವಿಷಯವನ್ನು ಯಾವ ಎಂಜಿನಿಯರನೂ ಬರೆಯುವ ಹಾಗಿರಲಿಲ್ಲ. ಡೆನ್ನಿಸ್ ಬೋರ್ಡು ಕೀಳಿಸಿದ, ಪದವಿನಲ್ಲಿ ಮುಳಿಹುಲ್ಲು ಮತ್ತೆ ಎದ್ದಿತು. ಪದ್ಮಯ್ಯ ಗೌಡರು ಈಶ್ವರಿಯೊಡನೆ ಮಾತು ಬಿಟ್ಟರು, ಆದರೆ ಅವಳು ಉಳಿಸಿದ ನೀರು ಕುಡಿಯುವುದನ್ನು ಬಿಡಲಿಲ್ಲ.

ಪ್ರಮಾಣ ತಪ್ಪಿದವನಿಗೆ ದೈವ ಕೊಟ್ಟ ಶಿಕ್ಷೆ ಅದು ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ಗುಡ್ಡವನ್ನು ಒಳಗಿನಿಂದ ಕಾಯಲು ದೈವವೇ ಅವನನ್ನು ಇಟ್ಟುಕೊಂಡಿದೆ ಎಂದು ಇನ್ನು ಕೆಲವರು. ಈಶ್ವರಿ ಯಾವುದನ್ನೂ ಹೇಳುವುದಿಲ್ಲ. ಅವಳಿಗೆ ಈಗ ಅರವತ್ತನಾಲ್ಕು. ಬೆಳಿಗ್ಗೆ ಎದ್ದು ಸುರಂಗದ ಬಾಯಿಗೆ ಹೋಗುತ್ತಾಳೆ. ಕೆಲವು ದಿನ ಅಲ್ಲಿ ಏನೂ ಇರುವುದಿಲ್ಲ. ಕೆಲವು ದಿನ ಒಂದೆರಡು ಬುಟ್ಟಿಯಷ್ಟು ಹಸಿ ಮಣ್ಣು ಬಿದ್ದಿರುತ್ತದೆ. ಆಗ ಬಾಯಿಯ ಕಲ್ಲಿಗೆ ಒಂದು ಪೆಟ್ಟು ಹಾಕಿ, ಯಾರೂ ನೋಡುವ ಮೊದಲು ಅದನ್ನು ಹೊತ್ತು ಅಡಿಕೆಯ ಬುಡಕ್ಕೆ ತೆಳ್ಳಗೆ ಹರಡಿ ಮೇಲೆ ಸೊಪ್ಪು ಮುಚ್ಚುತ್ತಾಳೆ.