ಡೋರಿಸಜ್ಜಿ ಹೇಳುವ ದಾರಿ

ಯಾರ್ಕ್‌ಷೈರಿನ ಕಡಲಂಚಿನ ಸ್ಕಾರ್ನ್‌ವಿಕ್ ಹಳ್ಳಿಯನ್ನು ಸಮುದ್ರ ವರ್ಷವರ್ಷವೂ ಕಚ್ಚಿ ತಿನ್ನುತ್ತಿದ್ದರೂ ಡೋರಿಸ್ ಬ್ಲೆಂಕಿನ್ ಅಜ್ಜಿಯ ಬಾಯಲ್ಲಿ ಊರಿನ ಒಂದು ಇಟ್ಟಿಗೆಯೂ ಅಲುಗಿಲ್ಲ. ಯಾರಾದರೂ ಕಾರು ನಿಲ್ಲಿಸಿ ದಾರಿ ಕೇಳಿದರೆ ಸಾಕು, ಗೇಟಿಗೆ ಮೊಣಕೈ ಊರಿ ಶುರುಮಾಡುತ್ತಾಳೆ: "ನೆಟ್ಟಗೆ ಹೋಗು ಮರಿ, ಬೇಕರಿ ಹತ್ರ ಎಡಕ್ಕೆ ತಿರುಗು, ಶಾಲೆ ದಾಟಿದ್ರೆ ಪಬ್ಬು." ಬೇಕರಿ ಅವಳ ಮದುವೆಯ ವರ್ಷವೇ ದಿಬ್ಬದಂಚಿನಿಂದ ಉರುಳಿತ್ತು, ಶಾಲೆ ಅದರ ಹಿಂದೆಯೇ ಹೋಯಿತು, ಪಬ್ಬಿನ ಹೆಂಚು ಈಗಲೂ ಏಡಿ ಹಿಡಿಯುವವರ ಬೋನಿಗೆ ಸಿಗುತ್ತದೆ. ಎಡಕ್ಕೆ ತಿರುಗಿದವರು ದಿಬ್ಬದಂಚಿಗೆ ಹಾಕಿದ ಬೇಲಿಯ ಮುಂದೆ ಗಕ್ಕನೆ ಬ್ರೇಕು ಹಾಕಿ, ಬಿಳಿಚಿಕೊಂಡು ವಾಪಸು ಬಂದರೆ, "ಈಗಿನವ್ರಿಗೆ ಬಿಡಿಸಿ ಹೇಳಿದ್ರೂ ತಿಳಿಯಲ್ಲ" ಎಂದು ಗೊಣಗುತ್ತಲೇ ಚಹಾ ಕೊಡುತ್ತಾಳೆ. ಹಿಂದಿನ ಬೀದಿಯಲ್ಲಿದ್ದ ಅವಳ ಮನೆ ಕೂತಲ್ಲೇ ಸಮುದ್ರದೆದುರಿನ ಮನೆಯಾಗಿದೆ. ಖಾಲಿ ಮಾಡಿ ಎಂದು ಬಂದ ಕೌನ್ಸಿಲ್ ಅಧಿಕಾರಿಗೆ, "ನಾನು ಹೋದ್ರೆ ಬಂದವ್ರಿಗೆ ದಾರಿ ಹೇಳೋರ್ಯಾರಪ್ಪ?" ಎಂದು ಕೇಳಿ ಕಳಿಸಿದಳು. ಅವಳ ಗಂಡ ವಿಲ್ಫ್ ದರ್ಜಿಯಾಗಿದ್ದ. ಮೀನುಗಾರರ ಊರಲ್ಲಿ ಹುಟ್ಟಿಯೂ, ಹೊಟ್ಟೆ ತೊಳಸುತ್ತದೆಂದು ಜನ್ಮದಲ್ಲಿ ದೋಣಿ ಹತ್ತದ ಆಸಾಮಿ. ಅವನನ್ನು ಹೂಳಿದ್ದ ಚರ್ಚಿನ ಅಂಗಳ ಕಳೆದ ಚಳಿಗಾಲದ ಬಿರುಗಾಳಿಗೆ ಇಡಿಯಾಗಿ ಸಮುದ್ರ ಸೇರಿತು. ವಿಲ್ಫನ ಗೋರಿ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಚರ್ಚಿನ ಹಿಂದೆ, ಎರಡನೇ ಸಾಲು" ಎಂದು ಈಗಲೂ ಕೈ ತೋರಿಸುತ್ತಾಳೆ. ಗಾಳಿ ಜೋರಾದ ದಿನ ಮಾತ್ರ ತಲೆಗೆ ಸ್ಕಾರ್ಫು ಬಿಗಿದುಕೊಂಡು ಬೇಲಿಯವರೆಗೆ ಹೋಗಿ, ಅಲೆಗಳತ್ತ ಬಾಗಿ ಕೂಗುತ್ತಾಳೆ: "ಕೆಳಗೆ ನೋಡ್ಬೇಡ ಕಣೋ ವಿಲ್ಫ್, ದೂರ ನೋಡು! ಹೊಟ್ಟೆ ತೊಳಸಲ್ಲ!"