ಮಾಂಯ್ ಕಾರು ಹತ್ತಿದ ಬೆಳಿಗ್ಗೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಕುದ್ರೋಳಿಯ ನಮ್ಮ ಓಣಿಯಲ್ಲಿ ಕಾರು ಇದ್ದದ್ದು ಎರಡೇ ಮನೆಯಲ್ಲಿ. ಒಂದು ಸ್ಟಾರ್ಟ್ ಆಗುತ್ತಿತ್ತು, ಇನ್ನೊಂದು ನಮ್ಮದು. ಹಾಗೆಂದು ನಮಗೆ ನಾಚಿಕೆಯೇನೂ ಇರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಪಪ್ಪ ಆ ಬೂದು ಬಣ್ಣದ ಹಳೆ ಕಾರನ್ನು ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದರು. ಮೆಕ್ಯಾನಿಕ್ ಎಂಬವನು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ನನಗೆ ನೆನಪಿಲ್ಲ. ಹತ್ತು ವರ್ಷದ ಹುಡುಗಿಯಾದ ನನಗೂ ಕಾರಿನ ಬಗ್ಗೆ ಬೇಕಾದಷ್ಟು ಗೊತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವ ಧೈರ್ಯವೂ ಸಾಕಷ್ಟಿತ್ತು.

ಪಪ್ಪನ ತಾಯಿಯನ್ನು ನಾವೆಲ್ಲ ಮಾಂಯ್ ಎನ್ನುತ್ತಿದ್ದೆವು. ಕಡಲ ಗಾಳಿಗೆ ನಮ್ಮಲ್ಲಿ ಕಬ್ಬಿಣ ಬಾಳುವುದಿಲ್ಲ. ಅದಕ್ಕೇ ಮಾಂಯ್ ಒಂದು ಬಟ್ಟಲು ತೆಂಗಿನೆಣ್ಣೆ ಹಿಡಿದು ಬಾಗಿಲ ಚಿಲಕ, ಹೊಲಿಗೆ ಮಿಷನ್, ಬಾವಿಯ ರಾಟೆ ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಸವರುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು, ಮುಟ್ಟಿ ನೋಡಿಯೇ ಎಲ್ಲ ಕೆಲಸ. ಕ್ರಿಸ್‌ಮಸ್ಸಿಗೆ ಕಿಡಿಯೊ ಎಂಬ ಪುಟ್ಟ ಸುರುಳಿ ತಿಂಡಿ ಮಾಡುವಾಗ, ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುತ್ತುವ ಪಂದ್ಯ ನಮ್ಮಲ್ಲಿ ನಡೆಯುತ್ತಿತ್ತು. ಕಣ್ಣಿದ್ದ ನಾವೆಲ್ಲ ಮಾಂಯ್ ಎದುರು ಸೋಲುತ್ತಿದ್ದೆವು. ಆಪರೇಷನ್ ಎಂದರೆ ಮಾತ್ರ ಅವರು ಕೇಳಿಸದವರಂತೆ ಕೂರುತ್ತಿದ್ದರು. ಹಾಗಿದ್ದವರು ಆ ಡಿಸೆಂಬರಿನಲ್ಲಿ ಹೇಗೋ ಒಪ್ಪಿದ್ದರು. ಬೆಳಿಗ್ಗೆ ಎಂಟಕ್ಕೆ ಅತ್ತಾವರದ ಆಸ್ಪತ್ರೆಯಲ್ಲಿ ಹಾಜರಿರಬೇಕಿತ್ತು.

ಆರೂವರೆಗೇ ಮಾಂಯ್ ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಮಡಿಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಜಪಮಾಲೆ. ಪಪ್ಪ ಕೀಲಿ ತಿರುಗಿಸಿದರು. ಎಂಜಿನ್ ಗೊರಗುಟ್ಟಿತೇ ಹೊರತು ಹಿಡಿಯಲಿಲ್ಲ. ಐದಾರು ಸಲವೂ ಅದೇ ಹಾಡು. ಮಾಂಯ್ ತಡವರಿಸಿ ಬಾಗಿಲು ತೆರೆದು ಕೆಳಗಿಳಿದರು.

"ದೇವರಿಗೆ ಮನಸ್ಸಿಲ್ಲ. ನಾನು ಹೋಗುವುದಿಲ್ಲ," ಎಂದರು.

ಮಮ್ಮಿ ರಿಕ್ಷಾ ತರಿಸುತ್ತೇನೆಂದರು. ರಿಕ್ಷಾ ಬರಲಿ, ವಿಮಾನವೇ ಬರಲಿ, ಬೇಡ ಎಂದು ಮೇಲಿನಿಂದ ಬಂದ ಮಾತು ಬದಲಾಗುವುದಿಲ್ಲ ಎಂದು ಮಾಂಯ್ ಜಗಲಿಯಲ್ಲಿ ಕೂತುಬಿಟ್ಟರು. ಇವತ್ತು ತಪ್ಪಿದರೆ ಅವರನ್ನು ಇನ್ನೊಮ್ಮೆ ಒಪ್ಪಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಪಪ್ಪ ಮಾತ್ರ ಅಂಗಿಯ ತೋಳು ಮಡಚಿದರು.

"ಮಾಂಯ್, ಅರ್ಧ ಗಂಟೆ ಕೊಡಿ. ದೇವರಾ, ಬ್ಯಾಟರಿಯಾ ಅಂತ ನೋಡಿ ಹೇಳ್ತೇನೆ. ದೇವರೇ ಆದ್ರೆ ನಾನೇ ಆಸ್ಪತ್ರೆಗೆ ಹೋಗಿ ಬೇಡ ಅಂತ ಹೇಳಿ ಬರ್ತೇನೆ."

ಸರಿಯಿದ್ದದ್ದನ್ನೆಲ್ಲ ಒಂದೊಂದಾಗಿ ಬದಿಗಿಡುತ್ತ ಹೋದರೆ ಕೆಟ್ಟದ್ದು ತಾನಾಗಿ ಉಳಿಯುತ್ತದೆ ಎಂಬುದು ಪಪ್ಪನ ಕ್ರಮ. ನಾನು ಡ್ರೈವರ್ ಸೀಟಿಗೆ ಹಾರಿ ಕೂತು ಹಾರ್ನ್ ಒತ್ತಿದೆ. ಓಣಿಯ ನಾಯಿಗಳೆಲ್ಲ ಎದ್ದವು, ಬ್ಯಾಟರಿ ಸರಿ. ಪಪ್ಪ ಪೈಪ್ ಬಿಚ್ಚಿ ಪಂಪ್ ಒತ್ತಿದಾಗ ಪೆಟ್ರೋಲ್ ಚಿಮ್ಮಿತು, ಅದೂ ಸರಿ. ಪೈಪ್ ಸಿಕ್ಕಿಸಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗಿನ ವಯರನ್ನು ಎಂಜಿನ್ನಿನ ಮೈಗೆ ಹತ್ತಿರ ಹಿಡಿದು ನನಗೆ ಕೀಲಿ ತಿರುಗಿಸಲು ಹೇಳಿದರು. ಅಲ್ಲಿ ನೀಲಿ ಕಿಡಿ ಹಾರಬೇಕಿತ್ತು, ಹಾರಲಿಲ್ಲ.

"ಇನ್ನು ಎಂತ ಉಳಿಯಿತು?" ಎಂದು ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದರು.

"ಪಾಯಿಂಟ್," ಎಂದೆ.

"ಅದನ್ನು ನಿನ್ನೆ ಸಂಜೆಯಷ್ಟೇ ಕ್ಲೀನ್ ಮಾಡಿದ್ದೇನೆ ಮಾರಾಯ್ತಿ."

ಆದರೂ ನೋಡಿ ಎಂದು ಹಟ ಹಿಡಿದೆ. ಪಪ್ಪ ಮುಚ್ಚಳ ತೆಗೆದರು. ಪಾಯಿಂಟ್ ಎಂದರೆ ಎರಡು ಪುಟ್ಟ ಲೋಹದ ಗುಂಡಿಗಳು, ಅವು ಒಂದನ್ನೊಂದು ಮುಟ್ಟಿ ಬಿಟ್ಟರೇ ಕಿಡಿ ಹುಟ್ಟುವುದು. ಅವುಗಳ ನಡುವೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಪಪ್ಪ ಉಗುರಿನಿಂದ ಕೆರೆದು, ಕನ್ನಡಕ ಏರಿಸಿ ನೋಡುತ್ತ ನಿಂತರು. ನಾನು ಇಳಿದು ಬಂದು ಅವರ ಬೆರಳನ್ನೇ ಎಳೆದು ಮೂಸಿದೆ. ನಮ್ಮಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದು ಇಂಥ ಡಿಸೆಂಬರಿನ ಬೆಳಿಗ್ಗೆಗಳಲ್ಲಿ ಮಾತ್ರ.

ಇದು ಮಾಂಯ್ ಎಣ್ಣೆ ಎಂದು ಜಗಲಿಗೆ ಕೇಳುವಂತೆ ಕೂಗಿಬಿಟ್ಟೆ. ಮಮ್ಮಿ ನನ್ನ ತೋಳು ಚಿವುಟಿದರು.

ಆದದ್ದು ಇಷ್ಟು. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಸಂಜೆಯ ಗಂಟೆ ಬಾರಿಸಿತೆಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಪ್ರಾರ್ಥನೆಗೆ ಕೂರುವುದು ನಮ್ಮ ಮನೆಗಳ ಪದ್ಧತಿ. ಹಿಂದಿನ ಸಂಜೆ ಪಪ್ಪ ಪಾಯಿಂಟಿನ ಮುಚ್ಚಳ ತೆರೆದಿಟ್ಟೇ ಕೈ ತೊಳೆಯಲು ಹೋಗಿದ್ದರು. ಒಂದು ವಾರ ಆಸ್ಪತ್ರೆಯಲ್ಲಿರಬೇಕಾದ ಮಾಂಯ್ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುತ್ತ ಬಂದವರು, ಪಪ್ಪ ಕೈ ತೊಳೆದು ಬರುವಷ್ಟರಲ್ಲಿ ಕಾರನ್ನೂ ಬಿಟ್ಟಿರಲಿಲ್ಲ. ಪ್ರಾರ್ಥನೆ ಮುಗಿಯುವಾಗ ಕತ್ತಲಾಗಿತ್ತು. ಪಪ್ಪ ಬಂದು ನೋಡದೆ ಮುಚ್ಚಿದ್ದರು.

ಮಾಂಯ್ ಜಗಲಿಯಿಂದ ಎದ್ದು ನಿಂತರು.

"ನನ್ನನ್ನು ಕರ್ಕೊಂಡು ಹೋಗುವ ಕಾರು ಅಂತ ಅದಕ್ಕೆ ಸ್ವಲ್ಪ ಜಾಸ್ತಿಯೇ ಹಚ್ಚಿದೆ," ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ದೇವರದ್ದು ಎಂತ ತಕರಾರಿಲ್ಲ. ಬೇಗ ಸರಿ ಮಾಡು."

ಪಪ್ಪ ಪೆಟ್ರೋಲ್ ಬಟ್ಟೆಯಿಂದ ಎಣ್ಣೆ ಒರೆಸಿದರು. ಬೆಂಕಿಪೆಟ್ಟಿಗೆಯ ಕಡ್ಡಿ ಗೀರುವ ಬದಿಯನ್ನು ಕತ್ತರಿಸಿ ಪಾಯಿಂಟಿನ ನಡುವೆ ಎಳೆದು ಉಜ್ಜಿದರು. ಪೋಸ್ಟ್‌ಕಾರ್ಡಿನ ತುಂಡು ತೂರಿಸಿ ಸಂದು ಸರಿಯಿದೆಯೇ ಎಂದು ನೋಡಿದರು. ಕೀಲಿ ತಿರುಗಿಸಿದ್ದು ನಾನೇ, ಮೊದಲ ಸಲಕ್ಕೇ ಹಿಡಿಯಿತು. ಮಾಂಯ್ ಯಾರ ಕೈಯನ್ನೂ ಹಿಡಿಯದೆ ಬಂದು ಕೂತರು. ಎಂಟಾಗುವ ಮೊದಲೇ ಅತ್ತಾವರ ತಲುಪಿದೆವು.

ಕೆಲವು ವಾರಗಳ ಮೇಲೆ, ದಪ್ಪ ಗಾಜಿನ ಕನ್ನಡಕ ಬಂದ ದಿನ, ಮಾಂಯ್ ಮೊದಲು ನೋಡಿದ್ದು ಪಪ್ಪನ ಮುಖವನ್ನು. ನಿನಗೆ ಇಷ್ಟು ನರೆ ಯಾವಾಗ ಬಂತು ಎಂದು ಕೇಳಿ ಅವರ ತಲೆ ಸವರಿದರು. ಪಪ್ಪ ಕಾರು ನೋಡಿ ಬರುತ್ತೇನೆಂದು ಹೊರಗೆ ಹೋದರು.

ಈಗ ನನ್ನ ಕಾರು ಸ್ಟಾರ್ಟ್ ಆಗದಿದ್ದರೆ ಫೋನ್ ಮಾಡುತ್ತೇನೆ. ಒಬ್ಬ ಹುಡುಗ ಬಂದು ಯಂತ್ರ ಸಿಕ್ಕಿಸಿ, ಎರಡೇ ನಿಮಿಷದಲ್ಲಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾನೆ. ಕೆಲಸ ಚೊಕ್ಕ, ದೂರುವ ಹಾಗಿಲ್ಲ. ಪಪ್ಪನೂ ಇಲ್ಲ, ಮಾಂಯ್ ಕೂಡ ಇಲ್ಲ. ಕಾರು ಸರಿ ಮಾಡುವವರು ಹೇಗೂ ಸಿಗುತ್ತಾರೆ. ಅದು ಚೆನ್ನಾಗಿರಲಿ ಎಂದು ಪ್ರೀತಿಯಿಂದ ಹಾಳುಮಾಡುವವರು ಈಗ ನನಗೆ ಯಾರೂ ಉಳಿದಿಲ್ಲ.