ಸಾಹುಕಾರರ ಮೇಲೆ ಕೂಗಿದ್ದು

ದುಡ್ಡಿಲ್ಲದೆ ಈ ವರ್ಷ ಶಾಲೆಯ ವ್ಯಾನ್ ನಿಲ್ಲುತ್ತದೆ ಎಂದು ಹೆಡ್‌ಮಾಷ್ಟ್ರು ಹೇಳಿದ ದಿನವೇ ನಾನು ತೀರ್ಮಾನ ಮಾಡಿದ್ದೆ, ಈ ಸಲದ ಏಲಂ ಹಾಳಾಗಲು ಬಿಡುವುದಿಲ್ಲ ಎಂದು. ವ್ಯಾನ್ ನಿಂತರೆ ದೂರದ ಮಕ್ಕಳು ಬರುವುದಿಲ್ಲ, ಮಕ್ಕಳು ಬಾರದಿದ್ದರೆ ಶಾಲೆಗೇ ಬೀಗ. ನಾನು ಏಳನೇ ಕ್ಲಾಸು ಪಾಸಾದದ್ದು ಅಲ್ಲಿ. ಈಗ ಮಗಳ ಮನೆಯಿಂದ ಮೊಮ್ಮಗಳು ಅದೇ ವ್ಯಾನಿನಲ್ಲಿ ಹೋಗುತ್ತಾಳೆ.

ವರ್ಷಕ್ಕೊಮ್ಮೆ ಊರಿನವರು ಮನೆಯಲ್ಲಿ ಮಾಡಿದ್ದು, ಬೆಳೆದದ್ದು ತಂದು ಶಾಲೆಯ ಜಗಲಿಯಲ್ಲಿ ಇಡುತ್ತಾರೆ. ಕೊಟ್ಟೆ ಕಡುಬು, ಬಾಳೆಗೊನೆ, ಮಿಡಿ ಉಪ್ಪಿನಕಾಯಿಯ ಭರಣಿ. ಏಲಂ ಕೂಗಿ ಬಂದ ದುಡ್ಡು ಶಾಲೆಗೆ. ಆದರೆ ನಮ್ಮಲ್ಲೊಂದು ಕೆಟ್ಟ ಮರ್ಯಾದೆ ಉಂಟು. ಮುಂದಿನ ಸಾಲಿನ ಹೋಟೆಲ್ ಸಾಹುಕಾರರು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು, ಅವರ ಮೇಲೆ ಇನ್ನೊಬ್ಬರು ಕೂಗುವುದಿಲ್ಲ. ಅವರು ಐನೂರು ಅಂದರೆ ಐನೂರಕ್ಕೇ ಮೂರು ಸಲ. ಜನ ಚಪ್ಪಾಳೆ ಬೇರೆ ತಟ್ಟುತ್ತಾರೆ! ಥೂ, ಮೀನು ಇಳಿಸುವ ದಕ್ಕೆಯಲ್ಲಿ ಹೀಗೆ ಏಲಂ ಮಾಡಿದರೆ ದೋಣಿಯವರು ಉಪವಾಸವೇ.

ನಾನು ಮೂವತ್ತು ವರ್ಷದಿಂದ ಹಂಗಾರಕಟ್ಟೆಯ ದಕ್ಕೆಯಲ್ಲಿ ಏಲಂ ಕೂಗಿ ಮೀನು ಕೊಂಡು ಮಾರುವವಳು. ಅದರಲ್ಲಿ ಅರ್ಧಕ್ಕರ್ಧ ಹೋಗುತ್ತಿದ್ದದ್ದು ಆ ಸಾಹುಕಾರರ ಹೋಟೆಲಿಗೇ. ಅದು ನೆನಪಿಲ್ಲದೆ ಏನಲ್ಲ.

ಉಪ್ಪಿನಕಾಯಿ ಭರಣಿ ಬಂತು. "ಐನೂರು" ಅಂದರು ಸಾಹುಕಾರರು. ಜನ ಚಪ್ಪಾಳೆಗೆ ಕೈ ಎತ್ತಿದರು. ಹೆಡ್‌ಮಾಷ್ಟ್ರು "ಒಂದು ಸಲ" ಅನ್ನುವಾಗ ನಾನು ಎದ್ದು ನಿಂತು "ಸಾವಿರ" ಅಂದೆ.

ಪಕ್ಕದಲ್ಲಿದ್ದ ಅಕ್ಕ ನನ್ನ ಸೆರಗು ಜಗ್ಗಿದಳು. "ಎಂತ ಮರಾಯ್ತಿ, ನಿಂಗ್ ಮಂಡೆ ಸಮ ಇಲ್ಯಾ? ನಾಳೆಯಿಂದ ಮೀನ್ ಯಾರಿಗ್ ಕೊಡ್ತಿ?"

"ಸುಮ್ನಿರೇ ಅಕ್ಕ, ಕಾಂಬ."

ಸಾಹುಕಾರರು ತಿರುಗಿ ನೋಡಿದರು. "ಎರಡು ಸಾವಿರ." ನಾನು ಮೂರು ಅಂದೆ. ಅವರ ಕಿವಿ ಕೆಂಪಾಯಿತು. ಐದು, ಏಳು, ಒಂಬತ್ತು. ಏಲಂ ನನ್ನ ಹೆಸರಿಗೆ ನಿಂತರೆ ಕಿವಿಯ ಬೆಂಡೋಲೆ ಅಡವಿಡುವುದೇ ಗತಿ. ಆದರೆ ಎದುರಿನವರು ಎಲ್ಲಿ ನಿಲ್ಲುತ್ತಾರೆಂದು ಮುಖ ನೋಡಿ ಹೇಳುವುದೇ ನನ್ನ ಕಸುಬು. "ಹನ್ನೊಂದು" ಅಂದೆ. "ಹದಿನೈದು ಸಾವಿರ!" ಎಂದು ಅವರು ಗುಡುಗಿದರು. ನಾನು ಕೈಮುಗಿದು ಕೂತೆ.

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, "ಹ್ವಾಯ್, ಆ ಬಾಳೆಗೊನೆ ನಾವೂ ಕೂಗ್ಲಕ್ಕಾ?" ಅವತ್ತು ಒಂದು ಕಟ್ಟು ಬಸಳೆಗೂ ಜನ ಮೇಲಿಂದ ಮೇಲೆ ಕೂಗಿದರು. ವ್ಯಾನಿನ ಒಂದು ವರ್ಷದ ಖರ್ಚಿಗೆ ದುಡ್ಡು ಹುಟ್ಟಿತು.

ಸೋಮವಾರ ಮೀನು ಒಯ್ಯುವ ಹೋಟೆಲಿನ ಬೈಕ್ ದಕ್ಕೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಇವತ್ತಿನವರೆಗೂ ಇಲ್ಲ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಎಂದೋ ಬಿಟ್ಟಿದ್ದ ಬುಟ್ಟಿಯನ್ನು ಮತ್ತೆ ತಲೆಗೇರಿಸಿ ಮನೆಮನೆ ತಿರುಗತೊಡಗಿದೆ. ಒಂದು ಬೆಳಿಗ್ಗೆ ಹಿಂದಿನಿಂದ ಶಾಲೆಯ ವ್ಯಾನ್ ಹಾರ್ನ್ ಹೊಡೆದುಕೊಂಡು ಬಂತು. ಬದಿಗೆ ಸರಿದು ದಾರಿ ಕೊಟ್ಟೆ. ಒಳಗೆ ಕಾಲಿಡಲು ಜಾಗ ಇಲ್ಲದಷ್ಟು ಮಕ್ಕಳು. ಕಿಟಕಿಯಿಂದ ಮೊಮ್ಮಗಳು ತಲೆ ಹಾಕಿ ಕೂಗಿದಳು, "ಅಮ್ಮಮ್ಮಾ, ಇವತ್ ಎಂತ ಮೀನ್?"

"ಬಂಗುಡೆ!" ಎಂದು ನಾನು ಅವಳಿಗಿಂತ ಗಟ್ಟಿಯಾಗಿ ಕೂಗಿದೆ.